ಪಬ್ಲಿಕ್ ಅಂದರ ಯಾರು?

(ಕುಲಗೋಡದಲ್ಲಿ ವಿದ್ಯಾರ್ಥಿ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಇಂಗ್ಲಿಷ್ ಪೇಪರಿನಲ್ಲಿ ‘ಪಬ್ಲಿಕ್’ ಪದಕ್ಕೆ ಸಮಾನಾರ್ಥಕ ಕೇಳಿದರೆ ನೀವು ‘ಕಾಮನ್’, ‘ಓಪನ್’, ‘ಜನರಲ್’ ಅಂತ ಬರೀತೀರಿ. ವಿರುದ್ಧ ಪದ ‘ಪ್ರೈವೇಟ್’. ಮಾರ್ಕ್ಸ್ ಬರತಾವ. ಬರಲಿ, ಬೇಕು ನಮಗ. ಆದರೆ ಈ ಪದ ಗೈಡಿನಿಂದ ಇಳಿದು ನಮ್ಮ ಓಣಿಗೆ ಬಂದಾಗ ಏನಾಗತೈತಿ ನೋಡೂಣು.

ಕನ್ನಡದಾಗ ಇದಕ್ಕ ಒಂದೇ ಪದ ಇಲ್ಲ. ‘ಸಾರ್ವಜನಿಕ’ ಅನ್ನೋದು ಬೋರ್ಡಿನ ಮೇಲಿನ ಪದ. ಪಬ್ಲಿಕ್ ಸರ್ವಂಟ್ ಅಂದರ ಸರಕಾರಿ ನೌಕರ, ಪಬ್ಲಿಕ್ ಮೀಟಿಂಗ್ ಅಂದರ ಬಹಿರಂಗ ಸಭೆ. (ಪಬ್ಲಿಕ್ ಸ್ಕೂಲ್ ಅಂದರ ಮಾತ್ರ ರೊಕ್ಕ ಇದ್ದವರ ಖಾಸಗಿ ಸಾಲಿ! ಇಂಗ್ಲೆಂಡಿನವರು ಕಲಿಸಿಹೋದ ಚೇಷ್ಟೆ ಇದು.) ಹಳ್ಳಿಯ ಬಾಯಲ್ಲಿ ಇದಕ್ಕೆ ಇರೋ ಪದ ‘ಊರ’. ಊರ ಬಾವಿ, ಊರ ಗುಡಿ, ಊರ ಜಾತ್ರಿ, ಊರ ಮಂದಿ. ಈ ‘ಊರ’ ಅನ್ನೋದರೊಳಗ ಕೇರಿ ಇತ್ತೇನು? ಊರು ಬ್ಯಾರೆ, ಕೇರಿ ಬ್ಯಾರೆ. ಊರ ಬಾವಿಯ ನೀರು ಯಾರಾದರೂ ಮೇಲಿನಿಂದ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಊರ ಸತ್ತ ದನ ಎಳೆಯೋವಾಗ, ಊರ ಡಂಗುರ ಸಾರೋವಾಗ ನಾವು ಊರಿನವರೇ!

ಇನ್ನೊಂದು ಚಂದದ ಪದ ಐತಿ, ‘ಬಯಲು’. ಈ ಕುಲಗೋಡದ ತಮ್ಮಣ್ಣನಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತ ಬಯಲಿನ ಆಟ. ಬಾಗಿಲಿಲ್ಲ, ತಿಕೀಟಿಲ್ಲ. ಬಾಗಿಲಿಲ್ಲದ ಬಯಲಿನಲ್ಲಿ ಯಾರು ಎಲ್ಲಿ ಕುಂತು ನೋಡತಿದ್ದರು ಅಂತ ಮನೀಗೆ ಹೋದಾಗ ಅಜ್ಜನ್ನ, ಆಯಿನ್ನ ಕೇಳ್ರಿ.

ಇಂಗ್ಲಿಷಿಗೆ ಈ ಪದ ಲ್ಯಾಟಿನ್ನಿನಿಂದ ಬಂತು. ಮೂಲ ಅರ್ಥ ‘ಜನರದು’. ಪ್ರಾಚೀನ ರೋಮಿನಲ್ಲಿ ಸರಕಾರ ಇಟ್ಟುಕೊಂಡ ಗುಲಾಮನಿಗೂ ಇದೇ ಪದ ಹಚ್ಚಿ ‘ಪಬ್ಲಿಕ್ ಗುಲಾಮ’ ಅನ್ನತಿದ್ದರು. ಅವನು ಜನರ ಸ್ವತ್ತು, ಜನರಲ್ಲಿ ಒಬ್ಬನಲ್ಲ. ಗುರುತು ಸಿಕ್ಕಿತಲ್ಲ?

ನಮ್ಮ ಬೆಳಗಾವಿ ಜಿಲ್ಲೆ 1956ರ ತನಕ ಮುಂಬಯಿಗೆ ಸೇರಿತ್ತು. ಆ ಮುಂಬಯಿಯ ಶಾಸನಸಭೆಯಲ್ಲಿ 1923ರ ಆಗಸ್ಟ್ 4ರಂದು ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು: ಸಾರ್ವಜನಿಕ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಸಾಲಿ, ದವಾಖಾನಿ ಅಸ್ಪೃಶ್ಯರಿಗೂ ತೆರೆದಿರಬೇಕು. ಮಹಾಡದ ಪುರಸಭೆ 1924ರಲ್ಲಿ ಚವದಾರ ಕೆರೆಯನ್ನು ತೆರೆದಿದ್ದೇವೆ ಅಂತ ಬರೆದುಕೊಂಡಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು. ಸವರ್ಣರು ನಮ್ಮವರನ್ನು ಹಿಡಿದು ಹೊಡೆದರು. ಡಿಸೆಂಬರಿನಲ್ಲಿ ಮತ್ತೆ ಕೆರೆಗೆ ಹೋಗಬೇಕು ಅನ್ನುವಷ್ಟರಲ್ಲಿ ಅವರೇ ಕೋರ್ಟಿಗೆ ಓಡಿದರು. ಏನಂತ? ಕೆರೆ ಪಬ್ಲಿಕ್ ಅಲ್ಲ, ಪ್ರೈವೇಟ್ ಅಂತ! ದನಕರ ಕುಡಿಯೋವಾಗ ಪಬ್ಲಿಕ್ ಆಗಿದ್ದ ಕೆರೆ ನಾವು ಬೊಗಸೆ ಒಡ್ಡಿದ ಕೂಡಲೇ ಪ್ರೈವೇಟ್ ಆಯಿತು. ಕೆರೆ ಪುರಸಭೆಯದು, ಅಸ್ಪೃಶ್ಯರನ್ನು ದೂರ ಇಡುವ ಅನಾದಿ ರೂಢಿ ಸಾಬೀತಾಗಿಲ್ಲ ಅಂತ ಮುಂಬಯಿ ಹೈಕೋರ್ಟು ಹೇಳುವಾಗ 1937ರ ಮಾರ್ಚ್. ಒಂದು ಪದದ ಅರ್ಥಕ್ಕೆ ಹತ್ತು ವರ್ಷ!

ಈ ಪದದೊಳಗಿನ ಮೋಸ ಬಾಬಾಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. 1860ರ ದಂಡಸಂಹಿತೆಯ 12ನೇ ಕಲಮಿನ ಪ್ರಕಾರ ಜನರ ಒಂದು ವರ್ಗ, ಒಂದು ಸಮುದಾಯ ಕೂಡ ‘ಪಬ್ಲಿಕ್’ ಆಗಬಹುದಿತ್ತು. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಬಾವಿ, ಕೆರೆ, ರಸ್ತೆಗಳ ಕಲಮು ಚರ್ಚೆಗೆ ಬಂದಾಗ, ಆ ಅರ್ಥ ಇಲ್ಲಿ ನಡೆಯದು ಅಂತ ಅವರು ಬಿಡಿಸಿ ಹೇಳಿದರು. ಸರಕಾರದ ಹಣ ಪೂರ್ತಿಯಾಗಲಿ, ಭಾಗಶಃ ಆಗಲಿ ಬಿದ್ದಿದ್ದರೆ ಸಾಕು. ಈಗಿನ 15(2)ನೇ ವಿಧಿ ಇದೇ. ‘ಭಾಗಶಃ’ ಅನ್ನೋದನ್ನ ಗಟ್ಟಿಯಾಗಿ ಹಿಡೀರಿ.

ಹಾಸ್ಟೆಲಿನವರಿಗೆ ಇನ್ನೊಂದು ಅರ್ಥ ಬೇಕು, ‘ಪಬ್ಲಿಕ್ ವ್ಯೂ’. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ಎತ್ತಿ ಬೈದದ್ದು ಅಪರಾಧ ಆಗಬೇಕಾದರೆ ಅದು ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು. ಜಾಗ ಖಾಸಗಿ ಆದರೂ ಹೊರಗಿನವರಿಗೆ ಕಾಣುವಂತಿದ್ದರೆ ಸಾಕು ಅಂತ ಸುಪ್ರೀಂ ಕೋರ್ಟು 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿತು. ನೋಡಿದವರು ಬರೀ ನೆಂಟರು, ಗೆಳೆಯರು ಆಗಿರಬಾರದು ಅಂತಲೂ ಹೇಳಿತು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದರೆ ಈ ಕಲಮು ಹತ್ತೋದಿಲ್ಲ ಅಂತ 2020ರ ಹಿತೇಶ್ ವರ್ಮಾ ಪ್ರಕರಣ. ನನಗಂತೂ ಇದು ಒಪ್ಪಿಗೆ ಇಲ್ಲ. ಆ ಬೈಗುಳ ಕೋಣಿಯೊಳಗೂ ಅಷ್ಟೇ ಸುಡತೈತಿ. ಆದರೂ ಕಂಪ್ಲೇಂಟ್ ಬರೆಯೋವಾಗ ಎಲ್ಲಿ ನಿಂತಿದ್ರಿ, ಯಾರ್ಯಾರು ಕೇಳಿದರು ಅನ್ನೋದನ್ನ ಮೊದಲು ಬರೀರಿ.

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡ್ರಿ. ನಿಮ್ಮೂರ ಬಾವಿ, ನೀರಿನ ಟಾಕಿ, ಸಮುದಾಯ ಭವನ, ರುದ್ರಭೂಮಿಗೆ ಸರಕಾರದ ರೊಕ್ಕ ಎಷ್ಟು ಬಿದ್ದೈತಿ ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಪಂಚಾಯ್ತಿಗೆ ಅರ್ಜಿ ಕೊಡ್ರಿ. ಫೀಸು 10 ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದರ ಅದೂ ಇಲ್ಲ. 30 ದಿನದಾಗ ಉತ್ತರ ಕೊಡಬೇಕು. ಬಂದ ಕಾಗದ ಮುಂದಿನ ಸಭೆಗೆ ತರ್ರಿ, ಕೂಡಿ ಓದೂಣು.