ಎಷ್ಟನೇ ಸಲಕ್ಕೆ ಬಹುಮಾನ?



ಇದೇ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಇವತ್ತು ನಿಮಗೆ ಪಾರಿವಾಳದ ಕಥೆ ಹೇಳುತ್ತೇನೆ.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್, ಪೆಟ್ಟಿಗೆಯೊಳಗಿನ ಪಾರಿವಾಳ ಗುಂಡಿ ಕುಕ್ಕಿದರೆ ಕಾಳು ಬೀಳುವಂತೆ ಮಾಡಿದ್ದರು. ಕಾಳು ಕೊಡುವ ಕ್ರಮ ಬದಲಾದರೆ ಕುಕ್ಕುವ ರೀತಿಯೂ ಬದಲಾಗುತ್ತಿತ್ತು. ಈ ಪ್ರಯೋಗಗಳನ್ನು ಅವರು ಫರ್ಸ್ಟರ್ ಜೊತೆ ಸೇರಿ 1957ರಲ್ಲಿ ಪುಸ್ತಕವಾಗಿ ತಂದರು. ಬಿ.ಇಡಿ. ಓದಿದ ಗುರುಗಳಿಗೆ ಇದು ‘ಪುನರ್ಬಲನ’ದ ಪಾಠ.

ಮುಖ್ಯ ಕ್ರಮಗಳು ನಾಲ್ಕು. ಗುಬ್ಬಿ ಕಡೆ ತೆಂಗಿನಕಾಯಿ ಸುಲಿಯುವವರಿಗೆ ಕಾಯಿ ಲೆಕ್ಕದಲ್ಲಿ ಕೂಲಿ. ಕೈ ಬಿರುಸಾಗಿ ಓಡುತ್ತದೆ. ವಾರ್ಷಿಕ ಪರೀಕ್ಷೆ ಗೊತ್ತಾದ ದಿನಕ್ಕೇ ಬರುತ್ತದೆ. ಜೂನ್‌ನಲ್ಲಿ ಪುಸ್ತಕ ತೆಗೆಯುವುದಿಲ್ಲ, ಮಾರ್ಚ್‌ನಲ್ಲಿ ನಿದ್ದೆ ಮಾಡುವುದಿಲ್ಲ. ನಮ್ಮ ಗಣಿತದ ಮೇಷ್ಟ್ರು ಯಾವ ದಿನ ಹೋಮ್‌ವರ್ಕ್ ನೋಡಿ ‘ಭೇಷ್’ ಅನ್ನುತ್ತಾರೋ ತಿಳಿಯುತ್ತಿರಲಿಲ್ಲ. ಹಾಗಾಗಿ ದಿನವೂ ಮಾಡುತ್ತಿದ್ದೆವು.

ನಾಲ್ಕನೆಯದು, ಎಷ್ಟನೇ ಸಲಕ್ಕೆ ಸಿಗುತ್ತದೆಂದೇ ಗೊತ್ತಿಲ್ಲದ ಬಹುಮಾನ. ಇದರಲ್ಲಿ ಪಾರಿವಾಳ ಬಿಡುವಿಲ್ಲದೆ ಕುಕ್ಕುತ್ತದೆ. ಕಾಳು ನಿಂತುಹೋದರೂ ಬಹಳ ಹೊತ್ತು ಬಿಡುವುದಿಲ್ಲ.

ಕುಣಿಗಲ್ಲಿನ ನನ್ನ ಸೋದರಮಾವ ತುಮಕೂರಿಗೆ ಬಂದಾಗಲೆಲ್ಲ ಲಾಟರಿ ಟಿಕೆಟ್ ಕೊಳ್ಳುತ್ತಿದ್ದರು. ಒಮ್ಮೆ ಐನೂರು ರೂಪಾಯಿ ಬಂತು. ಆ ಐನೂರರ ಹಿಂದೆ ಅತ್ತೆಯ ಓಲೆಯೂ ಹೋಯಿತು. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಷೇಧವಾದ ಮೇಲೆ ಮನೆಯವರು ಉಸಿರಾಡಿದರು.

ಎಷ್ಟೋ ವರ್ಷಗಳ ನಂತರ ನಾನು ಒಂದು ಕಂಪನಿಯಲ್ಲಿ ಮೊಬೈಲ್ ಆ್ಯಪ್‌ನ ಸ್ಕ್ರ್ಯಾಚ್ ಕಾರ್ಡಿಗೆ ಕೋಡ್ ಬರೆದೆ. ಯಾರಿಗೆ, ಯಾವಾಗ ದುಡ್ಡು ಬರುತ್ತದೆಂದು ಯಾರೂ ಊಹಿಸಬಾರದು, ಅದೇ ನನ್ನ ಕೆಲಸ. ಹಬ್ಬಕ್ಕೆ ಊರಿಗೆ ಹೋದಾಗ ಮಾವ ಫೋನಿನಲ್ಲಿ ಅಂಥದ್ದೇ ಕಾರ್ಡು ಉಜ್ಜುತ್ತಿದ್ದರು. “ಈ ಸಲ ಬರಬಹುದು ಕಣೋ” ಅಂದರು. ನನಗೆ ಊಟ ಸೇರಲಿಲ್ಲ. ಆಮೇಲೆ ಆ ಕೆಲಸದಿಂದ ಬೇರೆ ವಿಭಾಗಕ್ಕೆ ಹೋದೆ.

ಮಕ್ಕಳೇ, ರೀಲ್ಸ್ ತಳ್ಳುವಾಗ ‘ಇನ್ನೊಂದೇ ಒಂದು’ ಅನ್ನಿಸುತ್ತದಲ್ಲ, ಅಲ್ಲಿ ಕೆಲಸ ಮಾಡುವುದು ಈ ನಾಲ್ಕನೇ ಕ್ರಮವೇ. ಅದು ನಿಮ್ಮ ಕೆಟ್ಟತನವಲ್ಲ. ಆದರೆ ಗೊತ್ತಾದ ಮೇಲೆ ಫೋನನ್ನು ಓದುವ ಕೋಣೆಯಿಂದ ಆಚೆ ಇಡುವುದು ನಿಮ್ಮ ಕೈಯಲ್ಲಿದೆ.

ಇದೇ ವಿದ್ಯೆ ಒಳ್ಳೆಯದಕ್ಕೂ ಆಗುತ್ತದೆ. ಹೊಸದಾಗಿ ಕಲಿಯುವವರಿಗೆ ಮೊದಮೊದಲು ಪ್ರತಿ ಸಲವೂ ಮೆಚ್ಚುಗೆ ಬೇಕು, ಆಮೇಲೆ ಆಗಾಗ ಸಾಕು. ಎಂಟನೇ ಕ್ಲಾಸಿನಲ್ಲಿ ಬೀಜಗಣಿತಕ್ಕೆ ಹೆದರುತ್ತಿದ್ದ ನನಗೆ ಮೇಷ್ಟ್ರು ಒಂದೊಂದು ಸಾಲಿಗೂ ‘ಭೇಷ್’ ಅಂದರು. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವರು ಏನೂ ಅನ್ನದಿದ್ದರೂ ನಾನು ಲೆಕ್ಕ ಬಿಡಿಸುತ್ತಿದ್ದೆ.

ಆ ಋಣ ನೆನೆದು ಮಾತು ಮುಗಿಸುತ್ತೇನೆ.