ತೈಪೆ–ಶಾಂಘೈ: ದೂರ ಅಷ್ಟೇ, ದಾರಿ ಬೇರೆ

ಒಂದು ಊರಿನಿಂದ ಇನ್ನೊಂದಕ್ಕೆ ವಿಮಾನದಲ್ಲಿ ಹೋಗಲು ಎಷ್ಟು ಹೊತ್ತು ಬೇಕು ಎಂದರೆ ನಾವು ಮೊದಲು ಕಿಲೋಮೀಟರ್ ಲೆಕ್ಕ ಹಾಕುತ್ತೇವೆ. ತೈವಾನಿನ ತೈಪೆ ಮತ್ತು ಚೀನಾದ ಶಾಂಘೈ ನಗರಗಳ ಚರಿತ್ರೆಯನ್ನು ನೋಡಿದರೆ ಆ ಲೆಕ್ಕ ಸಾಲದು ಎಂದು ಮನದಟ್ಟಾಗುತ್ತದೆ. ಇವೆರಡರ ನಡುವಿನ ನೇರ ದೂರ 700 ಕಿ.ಮೀ.ಗಿಂತ ಕಡಿಮೆ, ಬೆಂಗಳೂರಿನಿಂದ ಮುಂಬೈಗೆ ಇರುವಷ್ಟೂ ಇಲ್ಲ. ಆದರೆ 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಸೋತ ರಾಷ್ಟ್ರೀಯವಾದಿ ಸರ್ಕಾರ ತೈವಾನ್ ದ್ವೀಪಕ್ಕೆ ಸರಿದಾಗ ತೈವಾನ್ ಮತ್ತು ಚೀನಾಗಳನ್ನು ಬೇರ್ಪಡಿಸುವ ಜಲಸಂಧಿಯ ಎರಡೂ ದಡಗಳ ನಡುವಿನ ಸಂಚಾರ ನಿಂತುಹೋಯಿತು. ಅಂಚೆ, ವ್ಯಾಪಾರ, ಸಾರಿಗೆ ಮೂರನ್ನೂ ಮತ್ತೆ ತೆರೆಯೋಣ ಎಂದು 1979ರಲ್ಲಿ ಬೀಜಿಂಗ್ ಕರೆ ಕೊಟ್ಟಿತು, ತೈಪೆ ಒಪ್ಪಲಿಲ್ಲ. 1987ರ ಕೊನೆಯಲ್ಲಿ ತೈವಾನ್ ತನ್ನ ಜನರಿಗೆ ಚೀನಾದಲ್ಲಿರುವ ಬಂಧುಗಳನ್ನು ನೋಡಿಬರಲು ಅನುಮತಿ ಕೊಟ್ಟಿತು. ಆಗಲೂ ನೇರ ವಿಮಾನ ಇರಲಿಲ್ಲ. ಹಾಂಗ್‌ಕಾಂಗ್‌ನಂಥ ಮೂರನೆಯ ಊರಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ದಾರಿ ಸುಮಾರು 2,000 ಕಿ.ಮೀ. ಆಗುತ್ತಿತ್ತು, ಕಾಯುವುದೂ ಸೇರಿ ದಿನದ ಬಹುಪಾಲು ಅದರಲ್ಲೇ ಕಳೆಯುತ್ತಿತ್ತು.

ಈ ಕಗ್ಗಂಟು ಒಮ್ಮೆಲೇ ಬಿಡಲಿಲ್ಲ. 2003ರ ಚೀನೀ ಹೊಸವರ್ಷಕ್ಕೆ ತೈವಾನಿನ ವಿಮಾನಗಳು ವಿಶೇಷ ಅನುಮತಿಯಿಂದ ಶಾಂಘೈ ತಲುಪಿದವು, ಆದರೆ ಹಾಂಗ್‌ಕಾಂಗ್ ಅಥವಾ ಮಕಾವ್‌ನಲ್ಲಿ ಇಳಿದೇ ಮುಂದೆ ಹೋಗಬೇಕಿತ್ತು. 2005ರಲ್ಲಿ ಇಳಿಯುವ ಕಟ್ಟಳೆ ಹೋಯಿತು, ಹಾಂಗ್‌ಕಾಂಗ್ ವಾಯುಪ್ರದೇಶದ ಮೂಲಕವೇ ಸುತ್ತಿ ಹೋಗುವ ಕಟ್ಟಳೆ ಉಳಿಯಿತು. 2008ರ ಜುಲೈನಲ್ಲಿ ವಾರಾಂತ್ಯದ ವಿಮಾನಗಳು ಶುರುವಾದಾಗಲೂ ಇದೇ ಸುತ್ತು. ಅದೇ ವರ್ಷ ನವೆಂಬರ್‌ನಲ್ಲಿ ತೈಪೆಯಲ್ಲಿ ಒಪ್ಪಂದವಾಯಿತು, ಡಿಸೆಂಬರ್ 15ರಿಂದ ನೇರ ಮಾರ್ಗ ತೆರೆಯಿತು. ಅಲ್ಲಿಂದ ಆಕಾಶದಲ್ಲಿ ಕಳೆಯುವ ಹೊತ್ತು ಸುಮಾರು ಒಂದೂವರೆ ಗಂಟೆಗೆ ಇಳಿಯಿತು.

ವಿಮಾನಗಳು ಸುಧಾರಿಸಿದ್ದರಿಂದ ಸಮಯ ಉಳಿಯಿತು ಎಂದು ಯಾರಾದರೂ ವಾದಿಸಬಹುದು. ಆದರೆ 2008ರ ಜುಲೈನಲ್ಲಿ ಸುತ್ತಿ ಹೋದದ್ದೂ ಡಿಸೆಂಬರ್‌ನಲ್ಲಿ ನೇರ ಹೋದದ್ದೂ ಅದೇ ಕಾಲದ ಜೆಟ್‌ಗಳು. ಪ್ರಯಾಣಿಕ ಜೆಟ್‌ನ ವೇಗ 1960ರ ದಶಕದಿಂದ ಹೆಚ್ಚು ಬದಲಾಗಿಯೂ ಇಲ್ಲ. ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ಸೇನೆಗಳು ಎದುರುಬದುರು ನಿಂತಿರುವ ಜಲಸಂಧಿಯ ಮೇಲೆ ಆಕಾಶವನ್ನು ತೆರೆಯುವುದು ಭದ್ರತೆಗೆ ಅಪಾಯವಲ್ಲವೇ? ಆ ಭಯ ಸುಳ್ಳಲ್ಲ. ಅದಕ್ಕಾಗಿಯೇ ಒಪ್ಪಂದದ ಮಾರ್ಗ ಜಲಸಂಧಿಯನ್ನು ಅಡ್ಡ ಹಾಯದೆ ಉತ್ತರದ ಸಮುದ್ರದ ಮೇಲಿಂದ ಸಾಗುತ್ತದೆ, ಎರಡೂ ಕಡೆಯ ಸಂಚಾರ ನಿಯಂತ್ರಕರು ವಿಮಾನವನ್ನು ನೇರವಾಗಿ ಒಬ್ಬರಿಂದೊಬ್ಬರಿಗೆ ವಹಿಸಿಕೊಡುತ್ತಾರೆ. ಸಾರ್ವಭೌಮತ್ವದ ಪ್ರಶ್ನೆಯನ್ನು ಬಿಡಿಸದೆಯೂ ದಾರಿಯ ಪ್ರಶ್ನೆಯನ್ನು ಬಿಡಿಸಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಸುಮಾರು ಅರವತ್ತು ವರ್ಷ ನೇರ ದಾರಿ ಮುಚ್ಚಿದ್ದಕ್ಕೆ ಬೆಲೆ ತೆತ್ತವರು 1949ರಲ್ಲಿ ಊರು ಬಿಟ್ಟು ತೈವಾನಿಗೆ ಬಂದು ಮುದುಕರಾದ ಸೈನಿಕರು, ಅವರನ್ನು ಕಾಯುತ್ತಿದ್ದ ಕುಟುಂಬಗಳು. ನೆರೆಯ ದೇಶಗಳು ಎಷ್ಟೇ ಜಗಳವಾಡಲಿ, ಜನ ಓಡಾಡುವ ಆಕಾಶವನ್ನು ಆ ಜಗಳದಿಂದ ಹೊರಗಿಡಬೇಕು. ಏಷ್ಯಾದ ಪ್ರತಿಯೊಂದು ಸರ್ಕಾರದಿಂದಲೂ ಅದರ ಪ್ರಜೆಗಳು ಕೇಳಬೇಕಾದ ಕನಿಷ್ಠ ನ್ಯಾಯ ಇದು.