ಕ್ಷಣದ ತೀರ್ಪು
ಜಿನೀವಾ ಸಮೀಪದ ಸರ್ನ್ ಪ್ರಯೋಗಶಾಲೆಯ ನೆಲದಡಿಯಲ್ಲಿ ಪ್ರೋಟಾನುಗಳ ಗುಚ್ಛಗಳು ಸೆಕೆಂಡಿಗೆ ಸುಮಾರು 4 ಕೋಟಿ ಬಾರಿ ಎದುರುಬದುರಾಗುತ್ತವೆ. ಎಲ್ಲವನ್ನೂ ದಾಖಲಿಸುವುದು ಅಸಾಧ್ಯ. ಸಿಎಂಎಸ್ ಶೋಧಕದಲ್ಲಿ ಯಾವುದನ್ನು ಉಳಿಸಬೇಕೆಂಬ ಮೊದಲ ತೀರ್ಪು ಸುಮಾರು 4 ಮೈಕ್ರೊಸೆಕೆಂಡಿನೊಳಗೆ ಹೊರಬೀಳಬೇಕು. ತಡವಾದರೆ ಹೊಸ ಮಾಹಿತಿ ಹಳೆಯದನ್ನು ಅಳಿಸಿಬಿಡುತ್ತದೆ.

ಇದಕ್ಕೆ ಕಂಪ್ಯೂಟರೇ ಸಾಲದೆ ಎಂದು ಕೇಳುಗರಿಗೆ ಅನ್ನಿಸಬಹುದು. ತಂತ್ರಾಂಶವು ಆದೇಶಗಳನ್ನು ಬಹುಮಟ್ಟಿಗೆ ಸಾಲಾಗಿ ಪಾಲಿಸುತ್ತದೆ. ನಡುವೆ ಬೇರೆ ಕೆಲಸ ಬಂದರೆ ಕಾಯಿಸುತ್ತದೆ. ಎಫ್‌ಪಿಜಿಎ ಎಂಬ ಚಿಪ್ಪಿನಲ್ಲಾದರೋ ಲೆಕ್ಕವೇ ವಿದ್ಯುನ್ಮಂಡಲವಾಗಿ ಮೈತಳೆಯುತ್ತದೆ. ಹಲವು ಕೆಲಸಗಳು ಒಟ್ಟಿಗೆ ಸಾಗುತ್ತವೆ, ತಗಲುವ ಕಾಲವೂ ನಿಶ್ಚಿತ. ಆದರೆ ಅದನ್ನು ರೂಪಿಸುವುದೂ ತಿದ್ದುವುದೂ ಪ್ರಯಾಸಕರ.

ಆದುದರಿಂದ ಅಲ್ಲಿ ಎರಡಕ್ಕೂ ಸ್ಥಾನವಿದೆ. ಚಿಪ್ಪುಗಳು ಸೆಕೆಂಡಿಗೆ ಸುಮಾರು 1 ಲಕ್ಷ ಘಟನೆಗಳನ್ನು ಆರಿಸುತ್ತವೆ. ತಂತ್ರಾಂಶ ಅವನ್ನು ಇನ್ನಷ್ಟು ಸೂಕ್ಷ್ಮವಾಗಿ ಜರಡಿ ಹಿಡಿಯುತ್ತದೆ. ಗಡುವು ಕಠಿಣವಾದಲ್ಲಿ ಚಿಪ್ಪು, ವಿಚಾರ ಬದಲಾಗುತ್ತಿರುವಲ್ಲಿ ತಂತ್ರಾಂಶ. ಮೊದಲ ಜರಡಿಯಲ್ಲಿ ಸೋರಿಹೋದದ್ದನ್ನು ಮಾತ್ರ ಎಂಥ ಜಾಣ ತಂತ್ರಾಂಶವೂ ಮರಳಿ ತರಲಾರದು.